ಬಾಲ್ಕನಿಯ ಇಟಾಲಿಯನ್ ಸೊಪ್ಪುಗಳು: ದೋಷ ಪತ್ತೆ ಮತ್ತು ನಿವಾರಣೆ

ಬೇಸಿಲ್, ಪಾರ್ಸ್ಲಿ, ಒರೆಗಾನೊ, ಥೈಮ್, ರೋಸ್ಮರಿ, ಸೇಜ್. ಇಟಲಿಯ ಅಡುಗೆಗೆ ಬೇಕಾಗುವ ಈ ಆರು ಸೊಪ್ಪುಗಳನ್ನು ಬೆಂಗಳೂರಿನ ಬಾಲ್ಕನಿಯಲ್ಲೋ ತಾರಸಿಯಲ್ಲೋ ಕುಂಡಗಳಲ್ಲಿ ಬೆಳೆಸುವವರಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಬೆಳೆಸುವ ವಿಧಾನದ ವಿವರ ಇಲ್ಲಿಲ್ಲ. ಚೆನ್ನಾಗಿದ್ದ ಗಿಡ ಕೆಟ್ಟಾಗ, ಕೆಟ್ಟದ್ದು ಎಲ್ಲಿ ಎಂದು ಹುಡುಕುವ ಕ್ರಮ ಮತ್ತು ಅದಕ್ಕೆ ತಕ್ಕ ಪರಿಹಾರ ಮಾತ್ರ ಇದೆ.

ನರ್ಸರಿಗಳಲ್ಲಿ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಕಪ್ಪು ಚೀಲಗಳಲ್ಲಿ ಇಟ್ಟು ಮಾರುವುದರಿಂದ ಈ ಆರಕ್ಕೂ ಒಂದೇ ಬಗೆಯ ಆರೈಕೆ ಸಾಕೆಂಬ ಭಾವನೆ ಬರುತ್ತದೆ. ನನ್ನ ಅನುಭವದಲ್ಲಿ ಹೆಚ್ಚಿನ ದೋಷಗಳ ಬೇರು ಇರುವುದೇ ಈ ಭಾವನೆಯಲ್ಲಿ. ರೋಸ್ಮರಿ, ಥೈಮ್, ಒರೆಗಾನೊ ಮತ್ತು ಸೇಜ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲುಗುಡ್ಡಗಳ ಗಿಡಗಳು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆಯಲ್ಲಿ ನೆಲ ಒಣಗಿ ಬಿರಿದಿರುತ್ತದೆ. ಬೇಸಿಲ್ ಉಷ್ಣವಲಯದಿಂದ ಇಟಲಿಗೆ ಹೋಗಿ ಅಲ್ಲಿಯದಾದ ಗಿಡ. ನಮ್ಮ ಕಾಮಕಸ್ತೂರಿಯೂ ಅದೇ ಜಾತಿಗೆ ಸೇರಿದೆ. ಅದಕ್ಕೂ ಪಾರ್ಸ್ಲಿಗೂ ಬೇರಿನ ಬಳಿ ಸದಾ ಹದವಾದ ತೇವ ಬೇಕು. ಬೆಂಗಳೂರಿನ ಪಂಚಾಂಗವೋ ಮೆಡಿಟರೇನಿಯನ್ನಿನದಕ್ಕೆ ತಲೆಕೆಳಗು: ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಚ್ಚನೆಯ ಹವೆಯಲ್ಲೇ ಮಳೆ, ಚಳಿಗಾಲದಲ್ಲಿ ಒಣಹವೆ. ಆದ್ದರಿಂದ ಒಂದೇ ಲಕ್ಷಣ ಈ ಎರಡು ಗುಂಪುಗಳಲ್ಲಿ ಎರಡು ಬೇರೆ ಅರ್ಥಗಳನ್ನು ಕೊಡುತ್ತದೆ. ಮುಂದೆ ಇವನ್ನು ತೇವದ ಗುಂಪು, ಒಣ ಗುಂಪು ಎಂದೇ ಕರೆಯುತ್ತೇನೆ.

ಏನನ್ನೂ ಹಾಕುವ ಮೊದಲು

ಗಿಡ ಸಪ್ಪೆಯಾಗಿ ಕಂಡ ಕೂಡಲೇ ಕೈ ನೀರಿನ ಚೊಂಬಿಗೋ ಗೊಬ್ಬರದ ಡಬ್ಬಿಗೋ ಹೋಗುತ್ತದೆ. ಸ್ನಾನ ಮುಗಿಸಿ ತುಳಸಿಗೆ ನೀರೆರೆದು, ಉಳಿದದ್ದನ್ನು ಪಕ್ಕದ ಕುಂಡಗಳಿಗೆಲ್ಲ ಒಂದೊಂದು ಸುತ್ತು ಹಾಕಿ ಬರುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ತುಳಸಿಗೆ ಅದು ಒಗ್ಗುತ್ತದೆ, ರೋಸ್ಮರಿಗೆ ಒಗ್ಗುವುದಿಲ್ಲ. ಕಾರಣ ತಿಳಿಯುವವರೆಗೆ ನೀರು, ಗೊಬ್ಬರ, ಔಷಧ ಮೂರನ್ನೂ ನಿಲ್ಲಿಸಿ, ಕೆಳಗಿನ ಪರೀಕ್ಷೆಗಳನ್ನು ಮಾಡಬೇಕು. ಎಲ್ಲವೂ ಸೇರಿ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಮೊದಲು ಕುಂಡವನ್ನು ಎತ್ತಿ ನೋಡಬೇಕು. ಚೆನ್ನಾಗಿ ನೀರು ಕುಡಿದ ಕುಂಡದ ಭಾರವೂ ಒಣಗಿದ ಕುಂಡದ ಭಾರವೂ ಕೈಗೆ ಒಮ್ಮೆ ಪರಿಚಯವಾದರೆ ಬೇರೆ ಯಾವ ಮಾಪಕವೂ ಬೇಡ. ಎತ್ತಲಾಗದಷ್ಟು ದೊಡ್ಡದಾಗಿದ್ದರೆ ಉರಿದು ಉಳಿದ ಊದುಬತ್ತಿಯ ಕಡ್ಡಿಯನ್ನು ಕುಂಡದ ಅಂಚಿನಲ್ಲಿ ತಳದವರೆಗೂ ಇಳಿಸಿ, ಎರಡು ನಿಮಿಷ ಬಿಟ್ಟು ಹೊರತೆಗೆಯಬೇಕು. ಮೇಲ್ಮಣ್ಣು ಪುಡಿಪುಡಿಯಾಗಿದ್ದರೂ ಕಡ್ಡಿಯ ತುದಿ ಒದ್ದೆಯಾಗಿ, ಮಣ್ಣು ಅಂಟಿಸಿಕೊಂಡು ಬರುವುದು ಅಪರೂಪವಲ್ಲ. ಎರಡನೆಯದಾಗಿ ಎಲೆಯ ಅಡಿಭಾಗವನ್ನು ಬೆಳಕಿಗೆ ಹಿಡಿದು ನೋಡಬೇಕು, ಏಕೆಂದರೆ ಹುಳುವಾಗಲಿ ಬೂಜಾಗಲಿ ಮೊದಲು ನೆಲೆಯೂರುವುದು ಅಲ್ಲಿಯೇ. ಮೂರನೆಯದಾಗಿ, ಅನುಮಾನ ಉಳಿದರೆ, ಗಿಡದ ಬುಡವನ್ನು ಎರಡು ಬೆರಳುಗಳ ನಡುವೆ ಹಿಡಿದು ಕುಂಡವನ್ನು ಬೋರಲು ಮಾಡಿ ಮಣ್ಣಿನ ಹೆಂಟೆಯನ್ನು ಹೊರತೆಗೆಯಬೇಕು. ಇದಕ್ಕೆ ಹಿಂಜರಿಯುವವರೇ ಹೆಚ್ಚು. ಆದರೆ ಎಲೆ ನೂರು ಕಾರಣಗಳಿಗೆ ಬಾಡಬಹುದು, ಬೇರು ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ. ಆರೋಗ್ಯವಾದ ಬೇರು ಬಿಳಿಯಾಗಿ ಅಥವಾ ತಿಳಿಕಂದಾಗಿ, ಬಿಗಿಯಾಗಿರುತ್ತದೆ. ಕೊಳೆತ ಬೇರನ್ನು ಬೆರಳಲ್ಲಿ ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳಿಯುತ್ತದೆ, ಕೊಳಚೆಯ ವಾಸನೆಯೂ ಬರುತ್ತದೆ.

ಗಿಡ ಜೋತುಬಿದ್ದಿದ್ದರೆ

ಬೇಸಿಲ್ ಮಧ್ಯಾಹ್ನದ ಬಿಸಿಲಿಗೆ ಜೋತು, ಸಂಜೆ ತಾನಾಗಿಯೇ ಎದ್ದು ನಿಂತರೆ ಅದು ದೋಷವಲ್ಲ. ಏಪ್ರಿಲ್ ತಿಂಗಳಲ್ಲಿ ಬೇರು ಎತ್ತಿಕೊಡುವುದಕ್ಕಿಂತ ಬೇಗ ಎಲೆ ನೀರನ್ನು ಕಳೆಯುತ್ತದೆ, ಅಷ್ಟೇ. ಬೆಳಗಿನ ಏಳು ಗಂಟೆಗೂ ಜೋತೇ ಇದ್ದರೆ ವಿಚಾರಿಸಬೇಕು. ಆಗ ಕುಂಡ ಹಗುರವಾಗಿದ್ದರೆ ನೀರಿನ ಕೊರತೆ, ಭಾರವಾಗಿದ್ದರೆ ಬೇರಿನ ಕೊಳೆ. ಹಗುರವಾದ ಕುಂಡಕ್ಕೆ ಮೇಲಿನಿಂದ ನೀರು ಸುರಿದರೆ ಸಾಲದು. ತೀರ ಒಣಗಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ, ಸುರಿದ ನೀರು ಆ ಸಂದಿಯಲ್ಲಿ ಇಳಿದು ತಳದ ತೂತಿನಿಂದ ಹೊರಗೆ ಹೋಗುತ್ತದೆ, ನೋಡಿದವರಿಗೆ ಗಿಡ ಹೊಟ್ಟೆತುಂಬ ಕುಡಿದಂತೆ ಕಾಣುತ್ತದೆ. ಕುಂಡವನ್ನು ಅರ್ಧ ಗಂಟೆ ನೀರಿನ ಬಕೆಟ್ಟಿನಲ್ಲಿ ಕೂರಿಸಿ, ಆಮೇಲೆ ಬಸಿಯಲು ಬಿಡುವುದೇ ಇದಕ್ಕೆ ಮದ್ದು.

ಮಣ್ಣು ಹದವಾಗಿದೆ, ಬೇರೂ ಬಿಳಿಯಾಗಿಯೇ ಇದೆ, ಆದರೂ ಬೇಸಿಲ್ಲಿನ ಒಂದು ಪಕ್ಕದ ರೆಂಬೆಗಳು ಮಾತ್ರ ಬಾಡುತ್ತಿವೆ, ಕಾಂಡದ ಮೇಲೆ ಕಂದು ಗೆರೆಗಳು ಎದ್ದಿವೆ ಎಂದರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಸೊರಗು ರೋಗವಿರಬಹುದು. ಕಾಂಡವನ್ನು ಓರೆಯಾಗಿ ಕೊಯ್ದಾಗ ಒಳಗಿನ ನೀರಿನ ನಾಳಗಳು ಕಂದಾಗಿದ್ದರೆ ಅನುಮಾನ ಬಲಗೊಳ್ಳುತ್ತದೆ. ಇದಕ್ಕೆ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆಯಿಲ್ಲ. ಗಿಡವನ್ನೂ ಆ ಮಣ್ಣನ್ನೂ ಹೊರಹಾಕಬೇಕು; ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಅದೇ ಮಣ್ಣಿನಲ್ಲಿ ಮತ್ತೆ ಬೇಸಿಲ್ ನೆಡಬಾರದು.

ಒಣ ಗುಂಪಿನ ಕಥೆ ಬೇರೆ. ರೋಸ್ಮರಿ ಜೋತುಬಿದ್ದು ಎಚ್ಚರಿಕೆ ಕೊಡುವ ಗಿಡವಲ್ಲ. ಅದರ ಎಲೆ ಸೂಜಿಯಂತೆ ಬಿರುಸಾಗಿರುವುದರಿಂದ ಬೇರು ಸತ್ತು ಒಂದೆರಡು ವಾರವಾದರೂ ಹಸಿರಾಗಿಯೇ ನಿಂತಿರುತ್ತದೆ. ಬಣ್ಣ ಮಾಸಿ, ತುದಿಗಳು ಕಂದಾಗಿ, ಮುಟ್ಟಿದರೆ ಎಲೆ ಉದುರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ನಾನು ಕಳೆದುಕೊಂಡ ಮೊದಲ ಎರಡು ರೋಸ್ಮರಿ ಗಿಡಗಳನ್ನು ಒಣಗಿ ಸತ್ತವೆಂದೇ ತಿಳಿದಿದ್ದೆ, ಆದ್ದರಿಂದ ಎರಡನೆಯದಕ್ಕೆ ಮೊದಲನೆಯದಕ್ಕಿಂತ ಹೆಚ್ಚು ನೀರು ಹಾಕಿದ್ದೆ. ಮೂರನೆಯದು ಜುಲೈ ತಿಂಗಳಲ್ಲಿ ಬಣ್ಣಗೆಟ್ಟಾಗ ಕುಂಡದಿಂದ ಹೊರತೆಗೆದು ನೋಡಿದೆ. ನಾನು ಹಾಕಿದ್ದ ಮರಳು ಬೆರೆತ ಸಡಿಲ ಮಿಶ್ರಣ ಸುತ್ತಲೂ ಒಣಗಿತ್ತು. ಅದರ ನಡುವೆ ನರ್ಸರಿಯಿಂದ ಬಂದ ಅಂಟು ಕೆಂಪುಮಣ್ಣಿನ ಉಂಡೆ ಹಿಡಿದು ಹಿಂಡಿದರೆ ನೀರು ಜಿನುಗುವಂತಿತ್ತು, ಬೇರುಗಳೆಲ್ಲ ಆ ಉಂಡೆಯೊಳಗೇ ಕೊಳೆತಿದ್ದವು. ನಯವಾದ ಜೇಡಿಮಣ್ಣು ಹಿಡಿದಿಟ್ಟ ನೀರನ್ನು ಪಕ್ಕದ ಒರಟು ಮಣ್ಣಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅಂದಿನಿಂದ ಒಣ ಗುಂಪಿನ ಯಾವ ಗಿಡ ತಂದರೂ ಉಂಡೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ, ಬೆರಳಿನಿಂದ ಮೆಲ್ಲಗೆ ಸಡಿಲಿಸಿ, ಮುಕ್ಕಾಲು ಪಾಲು ಮಣ್ಣನ್ನು ತೊಳೆದು ತೆಗೆದ ಮೇಲೆಯೇ ನೆಡುತ್ತಿದ್ದೇನೆ. ಇದನ್ನು ಸುಡುಬಿಸಿಲಿನ ದಿನಗಳಲ್ಲಿ ಮಾಡಬಾರದು. ಮಾಡಿದ ಮೇಲೆ ಒಂದು ವಾರ ನೆರಳಿನಲ್ಲಿ ಇಡಬೇಕು.

ಬಸಿಯಲೆಂದು ಕುಂಡದ ತಳಕ್ಕೆ ಜಲ್ಲಿಕಲ್ಲು ತುಂಬುವ ರೂಢಿಯ ಬಗ್ಗೆ ಇಲ್ಲಿಯೇ ಹೇಳಬೇಕು. ಒಳ್ಳೆಯ ಉದ್ದೇಶದ್ದಾದರೂ ಅದು ಕೆಲಸ ಮಾಡುವುದು ಉಲ್ಟಾ. ಯಾವ ಕುಂಡದಲ್ಲೇ ಆಗಲಿ, ಬಸಿದು ನಿಂತ ಮೇಲೂ ಮಣ್ಣಿನ ಅತಿ ಕೆಳಗಿನ ಕೆಲವು ಸೆಂಟಿಮೀಟರ್ ಭಾಗದಲ್ಲಿ ನೀರು ತುಂಬಿಕೊಂಡೇ ಇರುತ್ತದೆ. ಜಲ್ಲಿ ಹಾಕಿದಾಗ ಆ ಒದ್ದೆ ಪದರ ಮಾಯವಾಗುವುದಿಲ್ಲ, ಜಲ್ಲಿಯ ಮೇಲಕ್ಕೆ, ಅಂದರೆ ಬೇರಿನ ಹತ್ತಿರಕ್ಕೆ ಏರುತ್ತದೆ. ಜಲ್ಲಿಯನ್ನು ತಳದಲ್ಲಿ ಹರಡುವ ಬದಲು ದಪ್ಪ ಮರಳನ್ನೋ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳನ್ನೋ ಇಡೀ ಮಿಶ್ರಣದಲ್ಲಿ ಬೆರೆಸಬೇಕು. ಒಣ ಗುಂಪಿಗೆ ನಾನು ಬಳಸುವ ಲೆಕ್ಕ ಎರಡು ಪಾಲು ಕೆಂಪುಮಣ್ಣು, ಎರಡು ಪಾಲು ದಪ್ಪ ಮರಳು ಅಥವಾ ಪರ್ಲೈಟ್, ಒಂದು ಪಾಲು ಎರೆಗೊಬ್ಬರ. ಕೊಕೊಪೀಟ್ ಇಲ್ಲವೇ ಇಲ್ಲ. ಮಣ್ಣಿನ ಕುಂಡ ಪ್ಲಾಸ್ಟಿಕ್ಕಿಗಿಂತ ಉತ್ತಮ, ಅಡಿಯ ತಟ್ಟೆಯನ್ನು ಮಳೆಗಾಲದಲ್ಲಿ ತೆಗೆದಿಡಬೇಕು. ಜುಲೈ, ಆಗಸ್ಟ್ ತಿಂಗಳ ಸೋನೆಯ ದಿನಗಳಲ್ಲಿ ಈ ನಾಲ್ಕು ಕುಂಡಗಳು ಸೂರಿನ ಕೆಳಗೆ, ಗಾಳಿಯಾಡುವ ಕಡೆ ಇರುವುದು ಕಡ್ಡಾಯ.

ಬೇರು ಅರ್ಧ ಕೊಳೆತ ಗಿಡ ಉಳಿಯುತ್ತದೆಯೇ? ಬೇಸಿಲ್ಲಿನಲ್ಲಿ ಆ ಪ್ರಯತ್ನವೇ ಬೇಡ. ಹಸಿರಾಗಿ ಉಳಿದ ಕುಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ ಒಂದು ಲೋಟ ನೀರಿನಲ್ಲಿ ಇಟ್ಟರೆ ಒಂದೆರಡು ವಾರದಲ್ಲಿ ಹೊಸ ಬೇರು ಬರುತ್ತದೆ. ರೋಸ್ಮರಿಯಲ್ಲಿ ಕೊಳೆತ ಬೇರುಗಳನ್ನೆಲ್ಲ ಕತ್ತರಿಸಿ, ಮೇಲಿನ ಹಸಿರನ್ನೂ ಅಷ್ಟೇ ಪ್ರಮಾಣದಲ್ಲಿ ತಗ್ಗಿಸಿ, ಒಣ ಮಿಶ್ರಣಕ್ಕೆ ಬದಲಿಸಬಹುದು, ಉಳಿದರೆ ಅದೃಷ್ಟ. ಅದರ ಜೊತೆಗೆ ನಾಲ್ಕೈದು ಎಳೆಯ ತುದಿಗಳನ್ನು ತೇವದ ಮರಳಿನಲ್ಲಿ ಊರಿಡುವುದು ಜಾಣತನ.

ಎಲೆ ಹಳದಿಯಾಗುತ್ತಿದ್ದರೆ

ಯಾವ ಎಲೆ ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ಕೆಳಗಿನ ಹಳೆಯ ಎಲೆಗಳು ಒಂದೇ ಸಮನಾಗಿ ಹಳದಿಯಾಗಿ ಉದುರುತ್ತಿದ್ದರೆ ಸಾರಜನಕದ ಕೊರತೆ. ಗಿಡ ಹಳೆಯ ಎಲೆಯಿಂದ ಸಾರಜನಕವನ್ನು ಹಿಂಪಡೆದು ಹೊಸ ಕುಡಿಗೆ ಕಳಿಸುತ್ತದೆ. ವಾರ ವಾರವೂ ಕೊಯ್ಯುವ ಬೇಸಿಲ್ಲಿನಲ್ಲಿ ಇದು ಸಹಜ, ಒಂದು ಹಿಡಿ ಎರೆಗೊಬ್ಬರಕ್ಕೆ ಗುಣವಾಗುತ್ತದೆ. ಹಳೆಯ ಎಲೆಗಳಲ್ಲಿ ನರಗಳು ಹಸಿರಾಗಿ, ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಮೆಗ್ನೀಸಿಯಂ ಕೊರತೆ. ಕೊಕೊಪೀಟ್ ಹೆಚ್ಚಾಗಿರುವ ಕುಂಡಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ, ಏಕೆಂದರೆ ಸರಿಯಾಗಿ ಸಂಸ್ಕರಿಸದ ಕೊಕೊಪೀಟ್ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ, ಸೋಡಿಯಂಗಳನ್ನು ಬಿಡುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ ಹದಿನೈದು ದಿನಕ್ಕೊಮ್ಮೆ, ಎರಡು ಮೂರು ಸಲ ಹಾಕಿದರೆ ಸಾಕು.

ಹಸಿರು ನರಗಳ ನಡುವೆ ಹಳದಿ ಬಂದಿರುವುದು ತುದಿಯ ಹೊಸ ಎಲೆಗಳಲ್ಲಾದರೆ ಅದು ಕಬ್ಬಿಣ. ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ, ಗಡಸು ಬೋರ್‌ವೆಲ್ ನೀರಿನಲ್ಲಿರುವ ಬೈಕಾರ್ಬೊನೇಟ್ ಕುಂಡದ ಮಣ್ಣನ್ನು ಕ್ರಮೇಣ ಕ್ಷಾರೀಯವಾಗಿಸಿ, ಇರುವ ಕಬ್ಬಿಣವನ್ನು ಬೇರು ಹೀರದಂತೆ ಮಾಡುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಸಾಕ್ಷಿ ಸಿಕ್ಕಂತೆ. ಇಲ್ಲಿ ವಿಚಾರಿಸಬೇಕಾದ ಇನ್ನೊಂದು ಸಂಗತಿ ಆರ್‌ಒ ಶುದ್ಧೀಕರಣ ಯಂತ್ರ ಹೊರಹಾಕುವ ತ್ಯಾಜ್ಯ ನೀರು. ನೀರನ್ನು ಹಾಳು ಮಾಡಬಾರದೆಂಬ ಕಾಳಜಿಯಿಂದ ಅದನ್ನು ಗಿಡಗಳಿಗೆ ಹಾಕುವವರು ಬಹಳ. ಆದರೆ ಮೂಲದ ನೀರಿನಲ್ಲಿದ್ದ ಲವಣಗಳೆಲ್ಲ ಆ ನೀರಿನಲ್ಲೇ ಗಟ್ಟಿಯಾಗಿ ಸೇರಿಕೊಂಡಿರುತ್ತವೆ. ನೆಲ ಒರೆಸಲು, ಪಾತ್ರೆ ನೆನೆಸಲು ಅದು ಸರಿ, ಕುಂಡಕ್ಕೆ ಬೇಡ. ಈಗಾಗಲೇ ಲವಣ ಸೇರಿದ್ದರೆ ಕುಂಡದ ಮೂರು ನಾಲ್ಕು ಪಟ್ಟು ಮಳೆನೀರನ್ನು ನಿಧಾನವಾಗಿ ಹಾಯಿಸಿ ತೊಳೆದು, ಬೇರು ಹೀರಬಲ್ಲ ಚೀಲೇಟ್ ರೂಪದ ಕಬ್ಬಿಣವನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಕೊಡಬೇಕು. ಒಣ ಗುಂಪಿನ ಗಿಡಗಳು ಸುಣ್ಣದ ನೆಲದವಾದ್ದರಿಂದ ಗಡಸು ನೀರಿಗೆ ಅಷ್ಟಾಗಿ ಅಳುಕುವುದಿಲ್ಲ; ಆದರೆ ಸೋಡಿಯಂ ಉಪ್ಪು ಯಾರಿಗೂ ಹಿತವಲ್ಲ.

ಮೇಲಿನ ಮೂರರಲ್ಲಿ ಯಾವುದಕ್ಕೂ ಹೊಂದದ ಒಂದು ಹಳದಿ ಇದೆ, ಅದನ್ನು ಗುರುತಿಸಲು ಕಲಿಯುವುದು ಬೇಸಿಲ್ ಬೆಳೆಯುವವರಿಗೆ ಅತ್ಯಗತ್ಯ. ಗಿಡದ ನಡುಭಾಗದ ಎಲೆಗಳಲ್ಲಿ, ನರಗಳು ಗಡಿ ಹಾಕಿದಂತೆ, ಪಟ್ಟಿಪಟ್ಟಿಯಾಗಿ ಮಾಸಲು ಹಳದಿ ಬರುತ್ತದೆ. ಗೊಬ್ಬರ ಸಾಲದೆಂದು ಎಲ್ಲರೂ ಮೊದಲು ಗೊಬ್ಬರವನ್ನೇ ಹಾಕುತ್ತಾರೆ. ಬೆಳಿಗ್ಗೆ ಬೇಗ ಎಲೆಯನ್ನು ಮಗುಚಿ ನೋಡಿದರೆ ಆ ಪಟ್ಟಿಗಳ ನೇರ ಅಡಿಯಲ್ಲಿ ಬೂದು-ನೇರಳೆ ಬಣ್ಣದ ಧೂಳಿನಂಥ ಬೂಜು ಕಾಣುತ್ತದೆ. ಇದು ಬೂಜು ತುಪ್ಪಟ ರೋಗ. ಪೆರೋನೊಸ್ಪೊರಾ ಬೆಲ್ಬಾರಿ ಎಂಬ ಸೂಕ್ಷ್ಮಜೀವಿ ಇದರ ಕಾರಣ. 2001ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕಾಣಿಸಿಕೊಂಡು, ಇಟಲಿಯ ಬೇಸಿಲ್ ಬೆಳೆಯನ್ನು 2003ರ ಹೊತ್ತಿಗೆ ಮುಟ್ಟಿ, 2007ರಲ್ಲಿ ಅಮೆರಿಕದ ಫ್ಲಾರಿಡಾವನ್ನು ತಲುಪಿದ ಈ ರೋಗ ಬೀಜದ ಮೂಲಕವೂ ಗಾಳಿಯ ಮೂಲಕವೂ ಹರಡುತ್ತದೆ. ರಾತ್ರಿಯ ಕತ್ತಲೆ, ಗಾಳಿಯಲ್ಲಿ ತೇವ, ಎಲೆಯ ಮೇಲೆ ನೀರು ಮೂರೂ ಕೂಡಿದಾಗ ಬೂಜು ಬಲಿಯುತ್ತದೆ, ಅಂದರೆ ಸೆಪ್ಟೆಂಬರ್ ಮಳೆಯ ನಮ್ಮ ಬಾಲ್ಕನಿ ಅದಕ್ಕೆ ಹೇಳಿಮಾಡಿಸಿದ ಜಾಗ. ಒಂದೆರಡು ಎಲೆಗಳಲ್ಲಿದ್ದಾಗಲೇ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಬೇಕು, ಗಿಡಗಳ ನಡುವೆ ಗಾಳಿಯಾಡುವಷ್ಟು ಅಂತರ ಕೊಡಬೇಕು, ಸಂಜೆ ನೀರು ಹಾಕುವುದನ್ನೂ ಎಲೆಯ ಮೇಲೆ ಚಿಮುಕಿಸುವುದನ್ನೂ ನಿಲ್ಲಿಸಬೇಕು. ಅರ್ಧ ಗಿಡಕ್ಕೆ ಹರಡಿದ್ದರೆ ಬೂಜಿಲ್ಲದ ಎಲೆಗಳನ್ನು ಅಂದೇ ಕೊಯ್ದು ಅಡುಗೆಗೆ ಬಳಸಿ ಗಿಡವನ್ನು ತೆಗೆದುಬಿಡುವುದು ಲೇಸು. ತಿನ್ನುವ ಎಲೆಯ ಮೇಲೆ ಶಿಲೀಂಧ್ರನಾಶಕ ಸಿಂಪಡಿಸಿ ಒಂದು ಕುಂಡ ಬೇಸಿಲ್ ಉಳಿಸಿಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಗಿಡ ಸಣಕಲಾಗಿ ಉದ್ದಕ್ಕೆ ಬೆಳೆದಿದ್ದರೆ

ಗೆಣ್ಣುಗಳ ನಡುವಿನ ಅಂತರ ಹೆಚ್ಚಿ, ಎಲೆ ಚಿಕ್ಕದಾಗಿ ಬಿಳಿಚಿಕೊಂಡು, ಇಡೀ ಗಿಡ ಒಂದೇ ಕಡೆಗೆ ವಾಲಿದ್ದರೆ ಬೆಳಕು ಸಾಲದು. ಇದು ಎಲ್ಲರಿಗೂ ತಿಳಿದದ್ದೇ. ಆದರೆ ಜನವರಿಯಲ್ಲಿ ದಟ್ಟವಾಗಿದ್ದ ಗಿಡ, ಜಾಗ ಬದಲಿಸದೆಯೇ ಜೂನ್‌ನಲ್ಲಿ ಹೀಗಾಯಿತೇಕೆ ಎಂಬುದು ಹಲವರನ್ನು ಕಾಡುವ ಪ್ರಶ್ನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಚಳಿಗಾಲದಲ್ಲಿ ದಿನವಿಡೀ ಬಿಸಿಲು ಕಾಯುವ ದಕ್ಷಿಣದ ಬಾಲ್ಕನಿಗೆ ಆ ನಾಲ್ಕು ತಿಂಗಳಲ್ಲಿ ಮೇಲಿನ ಚಾವಣಿ ಅಡ್ಡವಾಗಿ ನೇರ ಬಿಸಿಲು ಹೆಚ್ಚುಕಡಿಮೆ ಇಲ್ಲವಾಗುತ್ತದೆ, ಅದರ ಮೇಲೆ ಮುಂಗಾರಿನ ಮೋಡ ಬೇರೆ. ಪಶ್ಚಿಮದ ದೇಶಗಳ ತೋಟಗಾರಿಕೆ ಬರಹಗಳಲ್ಲಿ ಬರುವ ದಕ್ಷಿಣದ ಕಿಟಕಿಯ ಸಲಹೆ ಅಲ್ಲಿಯ ಅಕ್ಷಾಂಶಕ್ಕೆ ಸರಿ, ನಮ್ಮದಕ್ಕೆ ವರ್ಷದ ಎಂಟು ತಿಂಗಳು ಮಾತ್ರ ಸರಿ. ಮೇ ತಿಂಗಳಲ್ಲಿ ಕುಂಡಗಳನ್ನು ಪೂರ್ವದ ಕಡೆಗೋ ತಾರಸಿಗೋ ಸಾಗಿಸಬೇಕು. ಅದು ಆಗದವರು ಬಿಳಿ ಎಲ್‌ಇಡಿ ದೀಪವನ್ನು ಕುಡಿಯಿಂದ ಒಂದು ಅಡಿ ಮೇಲೆ ಕಟ್ಟಿ ದಿನಕ್ಕೆ 12ರಿಂದ 14 ಗಂಟೆ ಉರಿಸಬಹುದು. ಪಾರಿವಾಳದ ಬಲೆ ಧೂಳು ತುಂಬಿದಾಗ ತಡೆಯುವ ಬೆಳಕೂ ಕಡಿಮೆಯದೇನಲ್ಲ. ವರ್ಷಕ್ಕೆರಡು ಸಲ ತೊಳೆಯಬೇಕು.

ಬೆಳಕು ಸಾಕಷ್ಟಿದ್ದೂ ಬೇಸಿಲ್ ಒಂದೇ ಕಾಂಡದಲ್ಲಿ ಮೇಲಕ್ಕೇರುತ್ತಿದ್ದರೆ ಕೊಯ್ಯುವ ರೀತಿ ತಪ್ಪಿದೆ. ಕೆಳಗಿನ ದೊಡ್ಡ ಎಲೆಗಳನ್ನು ಒಂದೊಂದಾಗಿ ಕಿತ್ತರೆ ಗಿಡ ಬೋಳಾಗುತ್ತದೆ. ಎಲೆಜೋಡಿಯ ಸ್ವಲ್ಪ ಮೇಲೆ ಕುಡಿಯನ್ನೇ ಚಿವುಟಿದರೆ ಆ ಜೋಡಿಯ ಕಂಕುಳಿಂದ ಎರಡು ಕವಲು ಹೊರಡುತ್ತವೆ. ಹೂಗೊಂಚಲು ಕಾಣಿಸಿದಾಗಲೂ ಇದೇ ಮದ್ದು. ಹೂ ಬಲಿತ ಮೇಲೆ ಎಲೆ ಚಿಕ್ಕದಾಗಿ, ರುಚಿ ಒಗರಾಗುತ್ತದೆ. ರೋಸ್ಮರಿ, ಥೈಮ್, ಸೇಜ್‌ಗಳಲ್ಲಿ ಮಾತ್ರ ಕತ್ತರಿ ಹಸಿರು ಭಾಗವನ್ನು ದಾಟಿ ಕೆಳಗೆ ಹೋಗಬಾರದು, ಎಲೆಯಿಲ್ಲದ ಹಳೆಯ ಮರದಂಥ ಕಾಂಡದಿಂದ ಅವು ಮತ್ತೆ ಚಿಗುರುವುದು ಬಹಳ ಅಪರೂಪ.

ಹುಳು ಮತ್ತು ಕಲೆ

ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳಿದ್ದರೆ, ಬಿಳಿ ಕಾಗದವನ್ನು ಅಡಿಗೆ ಹಿಡಿದು ರೆಂಬೆಯನ್ನು ತಟ್ಟಬೇಕು. ಕಾಗದದ ಮೇಲೆ ಬಿದ್ದ ಕಣಗಳು ನಡೆದಾಡಿದರೆ ಕೆಂಪು ನುಸಿ. ಮಾರ್ಚ್, ಏಪ್ರಿಲ್ ತಿಂಗಳ ಒಣಹವೆಯಲ್ಲಿ ಇದರ ಹಾವಳಿ. ಎಲೆಯೊಳಗೆ ಬಿಳಿ ಗೆರೆಗಳು ಸುತ್ತಿಕೊಂಡು ಹೋಗಿದ್ದರೆ ರಂಗೋಲಿ ಹುಳು, ಆ ಎಲೆಗಳನ್ನು ಕಿತ್ತರೆ ಮುಗಿಯಿತು. ಬೇಸಿಲ್ಲಿನ ಕುಡಿ ಮುರುಟಿಕೊಂಡು, ಎಲೆಯಡಿ ಕಪ್ಪು ಹಿಕ್ಕೆಯ ಚುಕ್ಕೆಗಳೊಂದಿಗೆ ಜಾಲರಿಯಂಥ ರೆಕ್ಕೆಯ ಪುಟ್ಟ ತಿಗಣೆಗಳಿದ್ದರೆ ಅವು ಪಕ್ಕದ ತುಳಸಿಯಿಂದ ಬಂದವು; ಎರಡೂ ಗಿಡಗಳಿಗೆ ಒಟ್ಟಿಗೆ ಚಿಕಿತ್ಸೆ ಮಾಡದಿದ್ದರೆ ಅವು ಅತ್ತಿಂದಿತ್ತ ಓಡಾಡಿಕೊಂಡಿರುತ್ತವೆ. ಈ ನುಸಿ ಮತ್ತು ತಿಗಣೆಗಳಿಗೂ, ಬಿಳಿನೊಣ, ಹಿಟ್ಟುತಿಗಣೆಗಳಿಗೂ ಮೊದಲ ಚಿಕಿತ್ಸೆ ಎಲೆಯಡಿಗೆ ರಭಸದ ನೀರು. ಅದು ಸಾಲದಾದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ಒಂದೆರಡು ಹನಿ ಸೋಪಿನ ದ್ರಾವಣದೊಂದಿಗೆ ಕಲಕಿ, ಬಿಸಿಲಿಳಿದ ಮೇಲೆ ಸಿಂಪಡಿಸಬೇಕು. ಬೇವಿನ ಕಹಿ ಎಲೆಯಲ್ಲಿ ಕೆಲವು ದಿನ ಉಳಿಯುವುದರಿಂದ ಸಿಂಪಡಿಸುವ ಮೊದಲೇ ವಾರಕ್ಕೆ ಬೇಕಾದಷ್ಟನ್ನು ಕೊಯ್ದಿಟ್ಟುಕೊಳ್ಳುವುದು ಒಳ್ಳೆಯದು. ಸೇಜ್ ಎಲೆಯ ಮೇಲೆ ಬಿಳಿ ಪುಡಿ ಎರಚಿದಂತಿದ್ದರೆ ಅದು ಬೂದಿ ರೋಗ. ಅದಕ್ಕೆ ಬಿಸಿಲು ಮತ್ತು ಗಾಳಿಯೇ ಔಷಧ.

ಬೀಜ ಮೊಳೆಯದಿದ್ದರೆ

ಪಾರ್ಸ್ಲಿ ಬೀಜ ಸತ್ತಿದೆಯೆಂದು ಮಣ್ಣು ಚೆಲ್ಲುವವರು ಇನ್ನೂ ಹತ್ತು ದಿನ ಕಾದಿದ್ದರೆ ಸಸಿ ಕಾಣುತ್ತಿದ್ದರು; ಅದಕ್ಕೆ ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಒಂದು ರಾತ್ರಿ ನೆನೆಸಿ, ನೀರನ್ನು ಬಸಿದು ಬಿತ್ತಿದರೆ ಕೆಲವು ದಿನ ಉಳಿತಾಯವಾಗಬಹುದು. ಬೇಸಿಲ್ ಬೀಜವನ್ನು ಹಾಗೆ ನೆನೆಸಬಾರದು. ಪಾನಕಕ್ಕೆ ಹಾಕುವ ಕಾಮಕಸ್ತೂರಿ ಬೀಜದಂತೆ ಲೋಳೆಗಟ್ಟಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಥೈಮ್ ಮತ್ತು ಒರೆಗಾನೊ ಬೀಜಗಳನ್ನು ಮಣ್ಣಿನ ಮೇಲೆ ಉದುರಿಸಿ ಒತ್ತಬೇಕು, ಮುಚ್ಚಬಾರದು. ಮೊಳೆತ ಸಸಿಗಳು ಬುಡದಲ್ಲಿ ನೂಲಿನಂತೆ ಸಣ್ಣಗಾಗಿ ಮಗುಚಿಬಿದ್ದರೆ ಅದು ಸಸಿ ಕೊಳೆ. ಹಳೆಯ ಮಣ್ಣು, ಒತ್ತೊತ್ತಾಗಿ ಬಿತ್ತುವುದು, ಸದಾ ಒದ್ದೆ ಇಡುವುದು ಅದರ ಕಾರಣಗಳು. ರೋಸ್ಮರಿಯನ್ನು ಬೀಜದಿಂದ ಬೆಳೆಸುವ ಹಟ ಬೇಡ.

ಗಿಡ ಸೊಂಪಾಗಿದೆ, ಅಡುಗೆಯಲ್ಲಿ ಘಮವಿಲ್ಲ

ಇದನ್ನು ದೋಷವೆಂದು ಎಣಿಸದವರೇ ಹೆಚ್ಚು, ಆದರೆ ಅಡುಗೆಗಾಗಿ ಬೆಳೆದ ಗಿಡದಲ್ಲಿ ಇದಕ್ಕಿಂತ ದೊಡ್ಡ ದೋಷ ಇನ್ನೊಂದಿಲ್ಲ. ಮೊದಲು ಕೇಳಬೇಕಾದದ್ದು, ಕುಂಡದಲ್ಲಿರುವುದು ನಾವು ಅಂದುಕೊಂಡ ಗಿಡವೇ ಎಂದು. ಒರೆಗಾನೊ ಎಂಬ ಚೀಟಿ ಅಂಟಿಸಿ ದೊಡ್ಡಪತ್ರೆಯನ್ನು ಮಾರುವುದನ್ನು ನಾನೇ ನೋಡಿದ್ದೇನೆ. ಪೂರ್ತಿ ಮೋಸವೆನ್ನಲಾಗದು, ಏಕೆಂದರೆ ಕ್ಯೂಬನ್ ಒರೆಗಾನೊ ಎಂಬ ಹೆಸರು ಅದಕ್ಕಿದೆ, ಒರೆಗಾನೊದ ಖಾರಕ್ಕೆ ಕಾರಣವಾದ ಕಾರ್ವಕ್ರಾಲ್ ಅದರಲ್ಲೂ ಇದೆ. ಎಲೆ ದಪ್ಪಗೆ, ರಸಭರಿತವಾಗಿ, ರೋಮಮಯವಾಗಿದ್ದರೆ ಅದು ದೊಡ್ಡಪತ್ರೆ: ತಂಬುಳಿಗೆ ಉತ್ತಮ, ಪಿಜ್ಜಾಕ್ಕಲ್ಲ. ಹೂಮಾಲೆಗೆ ಕಟ್ಟುವ ಮರುಗವಂತೂ ಒರೆಗಾನೊದ ಕುಲಕ್ಕೇ ಸೇರಿದ್ದು, ಇಟಲಿಯವರು ಮಜ್ಜೊರಾನ ಎಂದು ಕರೆದು ಅಡುಗೆಗೆ ಬಳಸುವುದೂ ಅದನ್ನೇ; ಆದರೆ ಅದರ ಘಮ ಮೃದು, ಸಿಹಿ. ನಿಜವಾದ ಒರೆಗಾನೊದಲ್ಲಿಯೂ ನೇರಳೆ ಹೂವಿನ ಸಾಮಾನ್ಯ ತಳಿ ಸಪ್ಪೆ, ಬಿಳಿ ಹೂವಿನ ಗ್ರೀಕ್ ಉಪಜಾತಿ ತೀಕ್ಷ್ಣ. ಸಪ್ಪೆ ತಳಿಗೆ ಏನು ಹಾಕಿದರೂ ಘಮ ಬರುವುದಿಲ್ಲ. ತೀಕ್ಷ್ಣ ತಳಿಯ ಒಂದು ಕಡ್ಡಿ ತಂದು ಊರುವುದೇ ದಾರಿ. ಪಿಜ್ಜಾದ ಜೊತೆಗೆ ಬರುವ ಪೊಟ್ಟಣದ ರುಚಿಗೆ ಹೋಲಿಸಿ ಬೇಸರಪಡುವುದೂ ಸರಿಯಲ್ಲ, ಹಲವು ಪೊಟ್ಟಣಗಳಲ್ಲಿ ಉಪ್ಪು, ಬೆಳ್ಳುಳ್ಳಿ, ಮೆಣಸಿನ ಪುಡಿ ಬೆರೆತಿರುತ್ತವೆ. ಒರೆಗಾನೊವನ್ನು ದಕ್ಷಿಣ ಇಟಲಿಯಲ್ಲಿ ಹೆಚ್ಚಾಗಿ ಒಣಗಿಸಿಯೇ ಬಳಸುತ್ತಾರೆ. ಹೂ ಬಿಡುವ ಹೊತ್ತಿಗೆ ಕಡ್ಡಿ ಸಮೇತ ಕೊಯ್ದು, ಕಟ್ಟಿ, ನೆರಳಿನಲ್ಲಿ ತೂಗುಹಾಕಿದರೆ ಘಮ ಗಟ್ಟಿಯಾಗುತ್ತದೆ.

ಬೇಸಿಲ್ಲಿಗೆ ಸೋಂಪಿನ ವಾಸನೆ ಇದ್ದರೆ ಅದು ಥಾಯ್ ಬೇಸಿಲ್ ಅಥವಾ ಕಾಮಕಸ್ತೂರಿ. ಆ ವಾಸನೆ ಮಿಥೈಲ್ ಚಾವಿಕಾಲ್ ಎಂಬ ತೈಲಾಂಶದ್ದು. ಇಟಲಿಯ ಜಿನೋವಾದ ಬೇಸಿಲ್ಲಿನಲ್ಲಿ ಮೇಲುಗೈ ಲಿನಲೂಲ್ ಮತ್ತು ಲವಂಗದಲ್ಲಿರುವ ಯೂಜೆನಾಲ್‌ಗಳದ್ದು. ಲಿಗೂರಿಯಾ ಪ್ರಾಂತ್ಯದ ಆ ಬೇಸಿಲ್ಲಿಗೆ 2005ರಲ್ಲಿ ಐರೋಪ್ಯ ಒಕ್ಕೂಟದ ಡಿಒಪಿ, ಅಂದರೆ ಮೂಲಸ್ಥಳದ ಹೆಸರನ್ನು ರಕ್ಷಿಸುವ ಮಾನ್ಯತೆ ದೊರೆಯಿತು. ಅಲ್ಲಿ ಪೆಸ್ಟೊಗೆ, ಅಂದರೆ ಬೇಸಿಲ್ ಎಲೆ ಅರೆದು ಮಾಡುವ ಚಟ್ನಿಯಂಥ ಸಾಸ್‌ಗೆ, ಬಳಸುವುದು ಎರಡರಿಂದ ನಾಲ್ಕು ಜೋಡಿ ಎಲೆ ಬಂದ ಎಳೆಯ ಸಸಿಗಳನ್ನು ಬೇರುಸಹಿತ ಕಿತ್ತು ಕಟ್ಟಿದ ಕಂತೆಗಳನ್ನು. ನಾವು ಆರು ತಿಂಗಳ ಗಿಡದ ಅಂಗೈಯಗಲದ ಎಲೆ ಕಿತ್ತು, ಪೆಸ್ಟೊ ಒರಟಾಯಿತು, ಪುದೀನದ ವಾಸನೆ ಬಂತು ಎಂದರೆ ಕೊಯ್ದ ಎಲೆಯ ವಯಸ್ಸನ್ನೇ ನೋಡಬೇಕಾಗುತ್ತದೆ. ಮೂರು ವಾರಕ್ಕೊಮ್ಮೆ ಒಂದು ಚಿಕ್ಕ ತಟ್ಟೆಯಲ್ಲಿ ಹೊಸದಾಗಿ ಬಿತ್ತಿ, ಕೊತ್ತಂಬರಿಯಂತೆ ಎಳೆಯದರಲ್ಲೇ ಕೊಯ್ಯುವುದು ಬೆಂಗಳೂರಿನಲ್ಲಿಯೂ ಸಾಧ್ಯ. ಬೂಜು ತುಪ್ಪಟ ಬಲಿಯುವ ಮೊದಲೇ ಬೆಳೆ ಕೈಗೆ ಬರುವುದು ಅದರ ಇನ್ನೊಂದು ಲಾಭ.

ತಳಿ ಸರಿಯಾಗಿದ್ದೂ ಘಮ ಸಾಲದಾದರೆ ನೆರಳು ಮತ್ತು ಅತಿಗೊಬ್ಬರ ಕಾರಣ. ಒಣ ಗುಂಪಿನಲ್ಲಿ ಇದು ಎದ್ದು ಕಾಣುತ್ತದೆ: ಸಾರಜನಕ ಹೆಚ್ಚಾದ ಥೈಮ್ ಮೆತ್ತಗೆ, ಹಸಿರಾಗಿ, ಹುಲ್ಲಿನಂತಿರುತ್ತದೆ, ಬಡಮಣ್ಣಿನಲ್ಲಿ ಬಿಸಿಲುಂಡ ಥೈಮ್ ಅನ್ನು ಉಜ್ಜಿದರೆ ಓಮದ ವಾಸನೆ ಹೊಡೆಯುತ್ತದೆ, ಏಕೆಂದರೆ ಎರಡರಲ್ಲಿಯೂ ಇರುವುದು ಅದೇ ಥೈಮಾಲ್. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಒಂದು ಹಿಡಿ ಎರೆಗೊಬ್ಬರ ಈ ಗುಂಪಿಗೆ ಬೇಕಾದಷ್ಟಾಯಿತು.

ಇನ್ನು ಅಡುಗೆಮನೆಯ ಎರಡು ದೋಷಗಳು. ಪೆಸ್ಟೊ ಕಪ್ಪಾದರೆ ತಪ್ಪು ಮಿಕ್ಸಿಯ ಬಿಸಿಯದು. ಎಲೆ ಜಜ್ಜಿದಾಗ ಹೊರಬರುವ ಕಿಣ್ವಗಳು ಗಾಳಿ ತಾಗಿ, ಬಿಸಿಗೆ ಇನ್ನಷ್ಟು ಚುರುಕಾಗಿ, ಹಸಿರನ್ನು ಕಂದಾಗಿಸುತ್ತವೆ. ಜಾರನ್ನೂ ಎಣ್ಣೆಯನ್ನೂ ಮೊದಲೇ ಫ್ರಿಜ್ಜಿನಲ್ಲಿಟ್ಟು, ಎಲೆಯ ನೀರನ್ನು ಪೂರ್ತಿ ಒರೆಸಿ, ಬಿಟ್ಟು ಬಿಟ್ಟು ತಿರುಗಿಸಬೇಕು. ಎರಡು ದಿನ ಇಡುವುದಾದರೆ ಎಲೆಗಳನ್ನು ಕುದಿಯುವ ನೀರಿನಲ್ಲಿ ಹತ್ತು ಸೆಕೆಂಡು ಅದ್ದಿ ಐಸ್ ನೀರಿಗೆ ಹಾಕಿದರೆ ಬಣ್ಣ ನಿಲ್ಲುತ್ತದೆ, ಘಮ ಸ್ವಲ್ಪ ಕಡಿಮೆಯಾಗುತ್ತದೆ. ಕೊಯ್ದ ಬೇಸಿಲ್ ಫ್ರಿಜ್ಜಿನಲ್ಲಿ ಒಂದೇ ರಾತ್ರಿಗೆ ಕಪ್ಪಾಗುವುದು ಕೊಳೆತಲ್ಲ, ಶೀತದ ಪೆಟ್ಟು. 10 ಡಿಗ್ರಿಗಿಂತ ಕೆಳಗಿನ ತಂಪನ್ನು ಅದು ತಾಳುವುದಿಲ್ಲ. ಪಾರ್ಸ್ಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನೊಳಗೆ ಇಡಬೇಕು; ಬೇಸಿಲ್ ಕಡ್ಡಿಗಳನ್ನು ಹೂವಿನಂತೆ ಒಂದು ಲೋಟ ನೀರಿನಲ್ಲಿ ನಿಲ್ಲಿಸಿ, ಒಲೆಯ ಬಿಸಿ ತಾಗದ ಕಟ್ಟೆಯ ಮೂಲೆಯಲ್ಲಿ ಇಡಬೇಕು. ನೀರನ್ನು ದಿನವೂ ಬದಲಿಸಿದರೆ ಐದಾರು ದಿನ ಬಾಳುತ್ತದೆ, ಅಷ್ಟರಲ್ಲಿ ಬಿಳಿ ಬೇರು ಮೊಳೆತರೆ ಅದನ್ನೇ ಮುಂದಿನ ಕುಂಡಕ್ಕೆ ನೆಡಬಹುದು.